ಉಗುರು ಬಂದಿದೆ, ಹುಲಿ ಲಂಡನ್ನಿನಲ್ಲೇ ಇದೆ

2024ರ ಜುಲೈನಲ್ಲಿ ಲಂಡನ್ನಿನಿಂದ ಸಾತಾರಕ್ಕೆ ಒಂದು ಪುಟ್ಟ ಆಯುಧ ಬಂತು. ಮುಷ್ಟಿಯೊಳಗೆ ಅಡಗುವಷ್ಟು ಚಿಕ್ಕದು. ಹೆಸರು ವಾಘ್ ನಖ್, ಅಂದರೆ ಹುಲಿಯುಗುರು. ಶಿವಾಜಿ ಅಫ್ಜಲ್ ಖಾನನ ಹೊಟ್ಟೆ ಸೀಳಿದ್ದು ಇದರಿಂದಲೇ ಎಂಬುದು ಮಹಾರಾಷ್ಟ್ರದ ನಂಬಿಕೆ. ಇದೇ ಆ ಉಗುರು ಎನ್ನಲು ತಮ್ಮ ಬಳಿ ಪುರಾವೆಯಿಲ್ಲ ಎಂದು ಕಳಿಸಿಕೊಟ್ಟ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಹೇಳಿಕೊಂಡರೂ ಮಹಾರಾಷ್ಟ್ರ ಸರ್ಕಾರ ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳಲಿಲ್ಲ. ಮೂರು ವರ್ಷದ ಎರವಲು ಎಂದು ಒಪ್ಪಂದ ಬರೆದು, ತರಿಸಿ, ಮುಖ್ಯಮಂತ್ರಿಯ ಕೈಯಿಂದ ಪ್ರದರ್ಶನ ಉದ್ಘಾಟಿಸಿ, ಜನರನ್ನು ಸಾಲಿನಲ್ಲಿ ನಿಲ್ಲಿಸಿತು.

ಅದೇ ಮ್ಯೂಸಿಯಮ್ಮಿನ ದಕ್ಷಿಣ ಏಷ್ಯಾ ವಿಭಾಗದ ಗಾಜಿನ ಪೆಟ್ಟಿಗೆಯಲ್ಲಿ ನಮ್ಮ ಹುಲಿ ನಿಂತಿದೆ, ಟಿಪ್ಪು ಸುಲ್ತಾನನ ಮರದ ಹುಲಿ. ಶ್ರೀರಂಗಪಟ್ಟಣದಿಂದ ಹೋದದ್ದು. ಉಗುರಿಗಾಗಿ ಅಲ್ಲಿ ನಡೆದಂಥ ಓಡಾಟ ಹುಲಿಗಾಗಿ ಇಲ್ಲಿ ನಡೆದದ್ದನ್ನು ನಾನು ಕಂಡಿಲ್ಲ. ಟಿಪ್ಪುವಿನ ಹೆಸರೆತ್ತಿದರೆ ಇಡೀ ಕರ್ನಾಟಕ ಎರಡು ಪಾಲಾಗಿ ಜಗಳಕ್ಕೆ ನಿಲ್ಲುತ್ತದೆ. ಅವನ ಅತಿ ವಿಚಿತ್ರವಾದ ಆಸ್ತಿಯ ಬಗ್ಗೆ ಮಾತ್ರ ಎರಡೂ ಪಾಲಿನವರು ಸುಮ್ಮನಿದ್ದಾರೆ.

ಮೊದಲು ಆ ವಸ್ತುವನ್ನು ಸರಿಯಾಗಿ ನೋಡೋಣ. ಮರದಲ್ಲಿ ಕೆತ್ತಿ ಬಣ್ಣ ಬಳಿದ ಹುಲಿ. ಉದ್ದ ಒಂದೂಮುಕ್ಕಾಲು ಮೀಟರಿನಷ್ಟು, ಎತ್ತರ 71 ಸೆಂಟಿಮೀಟರ್. ಅದರ ಕೆಳಗೆ ಅಂಗಾತ ಬಿದ್ದ ಒಬ್ಬ ಯುರೋಪಿಯನ್. ಕೆಂಪು ಕೋಟು, ದುಂಡನೆಯ ಕರಿ ಟೋಪಿ. ಹುಲಿ ಅವನ ಎದೆಯ ಮೇಲೇರಿ ಕುತ್ತಿಗೆಗೆ ಬಾಯಿ ಹಾಕಿದೆ. ಪಟ್ಟೆಗಳ ಗಡಸು, ಬಣ್ಣದ ಢಾಳು, ಬೆದರಿ ಕಣ್ಣರಳಿಸಿದ ಮನುಷ್ಯನ ಬೊಂಬೆಮುಖ ಇವನ್ನೆಲ್ಲ ನೋಡಿದರೆ ನಮ್ಮ ಜಾತ್ರೆಯ ಮರದ ಬೊಂಬೆಗಳ ದೊಡ್ಡಣ್ಣನ ಹಾಗಿದೆ. ಬೇಲೂರಿನಲ್ಲಿ ಸಳ ಹುಲಿಯನ್ನು ಇರಿಯುವ ಶಿಲ್ಪದ ಮುಂದೆ ಮಕ್ಕಳಿಗೆ ‘ಹೊಯ್, ಸಳ’ ಕತೆ ಹೇಳುತ್ತೇವಲ್ಲ, ಇದು ಅದರ ತಿರುವುಮುರುವು. ಅಲ್ಲಿ ಮನುಷ್ಯ ಗೆದ್ದ, ಇಲ್ಲಿ ಹುಲಿ ಗೆದ್ದಿದೆ. ಟಿಪ್ಪು ಆ ಶಿಲ್ಪವನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಮಾಡಿಸಿದ ಎಂದು ನಾನು ಹೇಳುತ್ತಿಲ್ಲ. ಹುಲಿಯ ಜೊತೆ ಮನುಷ್ಯನನ್ನು ಹೆಣೆದು ರಾಜ್ಯದ ಗುರುತು ಮಾಡಿಕೊಳ್ಳುವುದು ಈ ನೆಲಕ್ಕೆ ಹೊಸದಲ್ಲ ಎನ್ನುವುದಷ್ಟೇ ಮಾತು.

ಹೊರಗಿನ ರೂಪಕ್ಕಿಂತ ಒಳಗಿನ ಕರಾಮತ್ತು ದೊಡ್ಡದು. ಹುಲಿಯ ಪಕ್ಕದಲ್ಲಿ ಒಂದು ತಿರುಗಿಸುವ ಹಿಡಿಕೆ. ಅದನ್ನು ತಿರುವಿದರೆ ಒಳಗಿನ ತಿದಿಗಳು ಉಸಿರಾಡತೊಡಗುತ್ತವೆ. ಕಮ್ಮಾರನ ಕುಲುಮೆಯಲ್ಲಿ ಕಾಣುವ ತಿದಿಯ ತತ್ವವೇ, ಅಳತೆ ಮಾತ್ರ ಸಣ್ಣದು. ಒಂದು ತಿದಿಯ ಗಾಳಿ ಮನುಷ್ಯನ ಗಂಟಲಿನ ಕೊಳವೆ ಹಾದು ಬಾಯಿಂದ ಹೊರಬೀಳುತ್ತದೆ, ನರಳಿದ ಸದ್ದು ಕೇಳುತ್ತದೆ. ಜೊತೆಗೆ ಅವನ ಎಡಗೈ ಮೇಲೆದ್ದು ಕೆಳಗಿಳಿಯುತ್ತದೆ. ಕೈಯ ಚಲನೆಗೂ ಗಂಟಲಿನ ಕೊಳವೆಗೂ ಕೊಂಡಿಯಿರುವುದರಿಂದ ಕೈ ಎದ್ದಿಳಿದಂತೆ ನರಳಾಟದ ಶ್ರುತಿಯೂ ಏರಿಳಿಯುತ್ತದೆ. ಹುಲಿಯ ತಲೆಯೊಳಗಿನ ಇನ್ನೊಂದು ಏರ್ಪಾಡು ಎರಡು ಸ್ವರದಲ್ಲಿ ಗುರುಗುಟ್ಟುತ್ತದೆ. ಇಷ್ಟು ಸಾಲದು ಎಂಬಂತೆ ಹೊಟ್ಟೆಯ ಪಕ್ಕದ ಮುಚ್ಚಳ ತೆಗೆದರೆ ಒಳಗೊಂದು ಆರ್ಗನ್. ನಮ್ಮ ಹಾರ್ಮೋನಿಯಂ ನುಡಿಸುವವರು ‘ಮನೆ’ ಎನ್ನುತ್ತಾರಲ್ಲ, ಅಂಥ ದಂತದ ಮನೆಗಳು 18. ಒಂದೊಂದಕ್ಕೆ ಎರಡೆರಡು ಹಿತ್ತಾಳೆ ಕೊಳವೆ. ಅಂದರೆ ಒಬ್ಬ ಹಿಡಿಕೆ ತಿರುವುತ್ತಿದ್ದರೆ, ಇನ್ನೊಬ್ಬ ಹುಲಿಯ ಹೊಟ್ಟೆಗೆ ಕೈಹಾಕಿ ರಾಗ ನುಡಿಸಬಹುದು. ಸಾವಿನ ನರಳಾಟ, ಗರ್ಜನೆ, ಮೇಲೊಂದು ರಾಗ, ಮೂರೂ ಒಟ್ಟಿಗೆ. ಇದನ್ನು ಕಲ್ಪಿಸಿದವನ ವಿನೋದಬುದ್ಧಿಯಲ್ಲಿ ಸ್ವಲ್ಪ ಕ್ರೌರ್ಯವಿದೆ, ಹೌದು. ಆದರೆ ಅದು ವಿನೋದವೇ. ಇದು ಸಿಕ್ಕಿದ್ದೂ ಅರಮನೆಯ ಸಂಗೀತಶಾಲೆಯಲ್ಲಿ, ಸೆರೆಮನೆಯಲ್ಲಿ ಅಲ್ಲ.

ಮಾಡಿದವರು ಯಾರು? ಹೆಸರು ಉಳಿದಿಲ್ಲ. ಟಿಪ್ಪು 1787ರಲ್ಲಿ ಫ್ರಾನ್ಸಿನ ದೊರೆ ಹದಿನಾರನೆಯ ಲೂಯಿಯ ಬಳಿಗೆ ರಾಯಭಾರಿಗಳನ್ನು ಕಳಿಸಿದ್ದ, ಮರುಪಯಣದಲ್ಲಿ ಅವರೊಂದಿಗೆ ಕುಶಲಕರ್ಮಿಗಳೂ ಬಂದರು. ಹಾಗಾಗಿ ಒಳಗಿನ ಯಂತ್ರ ಫ್ರೆಂಚರದ್ದೇ ಇರಬೇಕು ಎಂಬ ಊಹೆ ಬಹಳ ದಿನ ಓಡಿತು. ಇಂಥ ಊಹೆಗಳಿಗೆ ಒಂದು ಚಾಳಿಯಿದೆ: ಕೆತ್ತನೆಯಾದರೆ ನಮ್ಮದು, ಯಂತ್ರವಾದರೆ ಅವರದ್ದು. ಆರ್ಗನ್ನಿನ ಮೂಲ ಕೊಳವೆಗಳ ಲೋಹವನ್ನು ಪರೀಕ್ಷಿಸಿದಾಗ ಅದು ಇಲ್ಲಿಯ ತಯಾರಿಕೆ ಎಂದೇ ತೋರಿತು. ವಿನ್ಯಾಸದಲ್ಲಿ ಹೊರಗಿನವರ ಸಲಹೆ ಇದ್ದಿರಬಹುದು, ಕೈ ಮಾತ್ರ ಮೈಸೂರು ಸೀಮೆಯದು.

ಇದಕ್ಕೆ ಅಂಟಿಕೊಂಡ ಇನ್ನೊಂದು ಕತೆಯೂ ಇದೆ. 1792ರ ಡಿಸೆಂಬರ್ 22ರಂದು ಹೂಗ್ಲಿ ನದಿಯ ಬಾಯಲ್ಲಿರುವ ಸಾಗರ ದ್ವೀಪದಲ್ಲಿ ಜಿಂಕೆ ಬೇಟೆಗೆ ಹೋದ ಒಬ್ಬ ಇಂಗ್ಲಿಷ್ ಯುವಕನನ್ನು ಹುಲಿ ಎಳೆದೊಯ್ದಿತು. ಅವನು ಸರ್ ಹೆಕ್ಟರ್ ಮನ್ರೋನ ಮಗ. ಈ ಮನ್ರೋ 1781ರಲ್ಲಿ ಪೋರ್ಟೊ ನೋವೊ ಕಾಳಗದಲ್ಲಿ ಹೈದರಾಲಿಯನ್ನು ಸೋಲಿಸಿದ ಸೇನೆಯ ಒಂದು ತುಕಡಿಯ ನಾಯಕ. ತಂದೆಯ ಶತ್ರುವಿನ ಮಗನನ್ನು ಹುಲಿ ತಿಂದ ಸುದ್ದಿ ಕೇಳಿ ಟಿಪ್ಪು ಖುಷಿಯಾಗಿ ಬೊಂಬೆ ಮಾಡಿಸಿದ ಎನ್ನುವುದು ಕತೆ. ಕೇಳಲು ಚೆನ್ನಾಗಿದೆ. ಆದರೆ ಟಿಪ್ಪುವಿಗಾಗಿ 1787-88ರಲ್ಲೇ ತಯಾರಾದ ಒಂದು ಬಂದೂಕಿನ ಬೆಳ್ಳಿ ಕೆಲಸದಲ್ಲಿ ಇದೇ ಚಿತ್ರವಿದೆ, ಯುರೋಪಿಯನ್ನನ ಮೇಲೆ ಬಿದ್ದ ಹುಲಿ. ಮನ್ರೋನ ಮಗ ಸಾಯುವುದಕ್ಕೆ ನಾಲ್ಕೈದು ವರ್ಷ ಮೊದಲು. ಸಿಂಹಾಸನದಿಂದ ಹಿಡಿದು ಸೈನಿಕರ ಅಂಗಿಯ ಪಟ್ಟೆ, ಫಿರಂಗಿಯ ಬಾಯಿಯವರೆಗೆ ಎಲ್ಲೆಲ್ಲೂ ಹುಲಿಯನ್ನೇ ಮೂಡಿಸಿಕೊಂಡ ಆಸ್ಥಾನಕ್ಕೆ ಈ ಕಲ್ಪನೆ ಹೊಳೆಯಲು ಬಂಗಾಳದ ಸುದ್ದಿ ಬೇಕಿರಲಿಲ್ಲ.

ಇನ್ನು 1799ರ ಮೇ 4. ಮಧ್ಯಾಹ್ನದ ಉರಿಬಿಸಿಲು, ಕಾವೇರಿಯಲ್ಲಿ ನೀರು ಕಮ್ಮಿ. ಕೋಟೆಯ ವಾಯವ್ಯ ಮೂಲೆಯಲ್ಲಿ ಬಿದ್ದ ಬಿರುಕಿನಿಂದ ಕಂಪನಿಯ ಪಡೆ ನುಗ್ಗಿತು. ಮುಂದಾಳು ಡೇವಿಡ್ ಬೇರ್ಡ್. 1780ರಲ್ಲಿ ಪೊಳ್ಳಿಲೂರು ಕಾಳಗದಲ್ಲಿ ಕಂಪನಿ ಹೈದರ್, ಟಿಪ್ಪು ಕೈಯಲ್ಲಿ ಸೋತ ನಂತರ ಮೂರೂವರೆ ವರ್ಷಕ್ಕೂ ಮೇಲೆ ಇದೇ ಪಟ್ಟಣದಲ್ಲಿ ಸೆರೆಯಲ್ಲಿ ಕೊಳೆತವನು. ಸಂಜೆಯ ಹೊತ್ತಿಗೆ ಟಿಪ್ಪು ಹೆಣಗಳ ರಾಶಿಯಲ್ಲಿ ಒಂದು ಹೆಣವಾಗಿದ್ದ. ರಾತ್ರಿಯಿಡೀ ಸೂರೆ. ಲೂಟಿಯಾಗದ ಮನೆ ಊರಿನಲ್ಲಿ ಇಲ್ಲವೆನ್ನುವಷ್ಟು ಎಂದು ಮರುದಿನ ಅಧಿಕಾರ ವಹಿಸಿಕೊಂಡ ಆರ್ಥರ್ ವೆಲ್ಲೆಸ್ಲಿಯೇ ಬರೆದಿಟ್ಟಿದ್ದಾನೆ. ಅವನು ಒಂದಿಬ್ಬರಿಗಲ್ಲ, ಹಲವರಿಗೆ ಚಾಟಿಯೇಟು ಕೊಡಿಸಿ, ಕೆಲವರನ್ನು ನೇಣಿಗೇರಿಸಿದ ಮೇಲೆ ಊರು ತಣ್ಣಗಾಯಿತು.

ಇಲ್ಲೊಂದು ವ್ಯತ್ಯಾಸ ಗಮನಿಸಬೇಕು, ಇಡೀ ವಾದ ನಿಂತಿರುವುದೇ ಇದರ ಮೇಲೆ. ಸಿಪಾಯಿ ಮನೆಗೆ ನುಗ್ಗಿ ಬಳೆ ಕಿತ್ತುಕೊಂಡರೆ ಅದು ಲೂಟಿ, ಅದಕ್ಕೆ ನೇಣು. ಅದೇ ಬಳೆಯನ್ನು ಸೇನೆಯೇ ನೇಮಿಸಿದ ಅಧಿಕಾರಿಗಳು ಲೆಕ್ಕ ಬರೆದು, ಬೆಲೆ ಕಟ್ಟಿ, ಹುದ್ದೆಗೆ ತಕ್ಕಂತೆ ಹಂಚಿದರೆ ಅದು ‘ಪ್ರೈಜ್’, ಯುದ್ಧದ ನ್ಯಾಯಬದ್ಧ ಗಳಿಕೆ. ಸೇನಾಪತಿ ಹ್ಯಾರಿಸ್‌ನ ಪಾಲಿಗೆ 1 ಲಕ್ಷ 40 ಸಾವಿರ ಪೌಂಡಿಗೂ ಹೆಚ್ಚು ಬಂತು. ಹಂಚಿಕೆಗೆ ಅನುಕೂಲವಾಗಲೆಂದು ಟಿಪ್ಪುವಿನ ಚಿನ್ನದ ಸಿಂಹಾಸನವನ್ನೇ ತುಂಡು ತುಂಡು ಮಾಡಿದರು. ಇಡಿಯಾಗಿ ದೊರೆಗೆ ಕಾಣಿಕೆ ಕೊಡಬೇಕೆಂದಿದ್ದ ಗವರ್ನರ್ ಜನರಲ್ ರಿಚರ್ಡ್ ವೆಲ್ಲೆಸ್ಲಿಗೆ ಇದರಿಂದ ಕೋಪವೇ ಬಂತು. ಸಿಂಹಾಸನದ ಕೆಳಗಿದ್ದ ದೊಡ್ಡ ಹುಲಿತಲೆ, ನೆತ್ತಿಯ ಮೇಲಿದ್ದ ಹುಮಾ ಎಂಬ ಕಾಲ್ಪನಿಕ ಪಕ್ಷಿ ಎರಡೂ ಈಗ ಬ್ರಿಟನ್ನಿನ ರಾಜಮನೆತನದ ಸಂಗ್ರಹದಲ್ಲಿವೆ. ಕಟಕಟೆಯ ಮೇಲಿದ್ದ ಸಣ್ಣ ಹುಲಿತಲೆಗಳು ಚೆಲ್ಲಾಪಿಲ್ಲಿಯಾದವು. ಸಿಂಹಾಸನ ಒಡೆಯಿತು. ಒಡೆದರೂ ಏನೂ ಸಿಗದ ಮರದ ಹುಲಿ ಇಡಿಯಾಗಿ ಉಳಿಯಿತು.

ಅದಕ್ಕೆ ಬೇರೆ ಬೆಲೆಯಿತ್ತು. ಹುಲಿಯ ಜೊತೆ ಲಂಡನ್ನಿಗೆ ಒಂದು ಟಿಪ್ಪಣಿಯನ್ನೂ ಕಳಿಸಿದರು. 1800ರಲ್ಲಿ ಅಲ್ಲಿನ ಪತ್ರಿಕೆಯಲ್ಲಿ ಅದು ಅಚ್ಚಾಯಿತು. ಟಿಪ್ಪುವಿನ ಸೊಕ್ಕಿಗೂ ಬರ್ಬರ ಕ್ರೌರ್ಯಕ್ಕೂ ಇದೊಂದು ಸ್ಮಾರಕ, ಇದನ್ನು ಲಂಡನ್ ಟವರಿನಲ್ಲಿ ಇಡುವುದು ಯೋಗ್ಯ ಎಂಬುದು ಅದರ ಸಾರ. ನನ್ನ ಪ್ರಕಾರ ಈ ಹುಲಿಗೆ ಬಿದ್ದ ನಿಜವಾದ ಪೆಟ್ಟು ಇದೇ. ವಸ್ತುವನ್ನು ಒಯ್ದವರು ಬಹಳ, ಆದರೆ ವಸ್ತುವಿನ ಜೊತೆ ಅದರ ಅರ್ಥವನ್ನೂ ಬರೆದು ಕಟ್ಟಿ ಕಳಿಸಿದ್ದು ಕಂಪನಿಯ ಜಾಣತನ. ಹೀಗೆ ದೊರೆಯೊಬ್ಬನ ಸಂಗೀತಶಾಲೆಯ ಆಟಿಕೆ ಯುದ್ಧ ಮಾಡಿದ್ದಕ್ಕೆ ಸಮರ್ಥನೆಯಾಯಿತು. ಗೆದ್ದವರಿಗೆ ಹಂಚಿದ ಪದಕದ ಮೇಲೆ ಬ್ರಿಟಿಷ್ ಸಿಂಹವೊಂದು ಹುಲಿಯನ್ನು ಅಡಿಗೆ ಹಾಕಿಕೊಂಡಿತ್ತು. ಬೊಂಬೆಗೆ ಬೊಂಬೆಯಿಂದಲೇ ಉತ್ತರ.

ಹುಲಿ ಟವರಿಗೆ ಹೋಗಲಿಲ್ಲ. 1808ರಲ್ಲಿ ಲೆಡನ್‌ಹಾಲ್ ಬೀದಿಯ ಕಂಪನಿ ಕಚೇರಿಯಲ್ಲಿ, ಓದುವ ಕೋಣೆಯಲ್ಲಿ ಪ್ರದರ್ಶನಕ್ಕೆ ಬಂತು. ಬೀದಿಯ ಜನ ಬಂದು ಹಿಡಿಕೆ ತಿರುವಲು ಶುರುಮಾಡಿದರು. ತಿರುವಿದವನು ಹೋದರೆ ಇನ್ನೊಬ್ಬ. ಪರ್ಷಿಯನ್, ಸಂಸ್ಕೃತ ಹಸ್ತಪ್ರತಿಗಳ ಮೇಲೆ ತಲೆಬಗ್ಗಿಸಿ ಕೂತ ವಿದ್ವಾಂಸರ ಕಿವಿಯ ಪಕ್ಕದಲ್ಲೇ ಗುರ್‌ಗುರ್, ಅಯ್ಯಯ್ಯೋ, ಗುರ್‌ಗುರ್. ಕವಿ ಕೀಟ್ಸ್ ಕೂಡ 1819ರ ಒಂದು ವಿಡಂಬನ ಕಾವ್ಯದಲ್ಲಿ ಚಕ್ರವರ್ತಿಯ ಮೆಚ್ಚಿನ ಆಟಿಕೆ ಎಂದು ಇಂಥದೊಂದನ್ನು ತಂದಿದ್ದಾನೆ. 1869ರಲ್ಲಿ ಒಂದು ಪತ್ರಿಕೆ ಹಳೆಯ ಕಿರಿಕಿರಿಯನ್ನೆಲ್ಲ ನೆನೆದು, ಪುಣ್ಯಕ್ಕೆ ಅದರ ಹಿಡಿಕೆ ಕಳೆದುಹೋಗಿದೆ, ನೋಡಲು ಬೇಕಾದರೆ ಇರಲಿ, ಸದ್ದು ಮಾತ್ರ ಇನ್ನು ಬೇಡ ಎಂಬ ಧಾಟಿಯಲ್ಲಿ ಬರೆಯಿತು. ಹಿಡಿಕೆ ಮುಂದೆ ಸಿಕ್ಕಿತು ಅಥವಾ ಹೊಸದಾಯಿತು. ಆದರೆ ‘ನೋಡಲಿಕ್ಕಿರಲಿ, ಕೇಳಲಿಕ್ಕೆ ಬೇಡ’ ಎಂಬ ಆ ಆಸೆ ಹೆಚ್ಚುಕಡಿಮೆ ಈಡೇರಿದೆ. ಇಂದು ಗಾಜಿನೊಳಗಿನ ಹುಲಿ ಮೌನಿ.

1858ರಲ್ಲಿ ಕಂಪನಿಯ ಆಳ್ವಿಕೆ ಮುಗಿದು ಹುಲಿ ಸರ್ಕಾರದ ವಶಕ್ಕೆ ಬಂತು. ಕಟ್ಟಡದಿಂದ ಕಟ್ಟಡಕ್ಕೆ ಅಲೆದು, ಕಂಪನಿಯ ಸಂಗ್ರಹವಿದ್ದ ಇಂಡಿಯಾ ಮ್ಯೂಸಿಯಂ ಮುಚ್ಚಿದಾಗ 1880ರ ಸುಮಾರಿಗೆ ಇಂದಿನ ಮ್ಯೂಸಿಯಮ್ಮಿಗೆ ಸೇರಿತು. ಆ ಇಂಡಿಯಾ ಮ್ಯೂಸಿಯಂ, ಅದನ್ನು ನಡೆಸುತ್ತಿದ್ದ ಇಂಡಿಯಾ ಆಫೀಸು, ಅಂದರೆ ಬ್ರಿಟಿಷ್ ಸರ್ಕಾರದ ಭಾರತ ಖಾತೆ, ನಡೆಯುತ್ತಿದ್ದುದು ಭಾರತದ ಕಂದಾಯದ ಹಣದಲ್ಲಿ. ಅಂದರೆ ಮಂಡ್ಯ ಸೀಮೆಯ ಹುಲಿಗೆ ಲಂಡನ್ನಿನಲ್ಲಿ ಕೊಟ್ಟ ಬಾಡಿಗೆಯನ್ನೂ ಇಲ್ಲಿಯ ರೈತರೇ ತೆತ್ತಿದ್ದಾರೆ. ಇಂಡಿಯಾ ಆಫೀಸಿನ ಗ್ರಂಥಾಲಯ ತಮಗೆ ಸೇರಬೇಕೆಂದು ಸ್ವಾತಂತ್ರ್ಯಾನಂತರ ಭಾರತ, ಪಾಕಿಸ್ತಾನ ಎರಡೂ ವಾದಿಸಿದ್ದು ಇದೇ ತರ್ಕದಿಂದ. ಬ್ರಿಟನ್ ಜಗ್ಗಲಿಲ್ಲ. ಯಾರು ಯಾರಿಂದ ಕಿತ್ತುಕೊಂಡರು ಎಂಬ ಪ್ರಶ್ನೆಗಿಂತ ಯಾರ ದುಡ್ಡಿನಲ್ಲಿ ಸಾಕಿದರು ಎಂಬ ಪ್ರಶ್ನೆ ನನಗೆ ಗಟ್ಟಿಯಾಗಿ ಕಾಣುತ್ತದೆ. ಆದರೆ ಚರ್ಚೆಯಲ್ಲಿ ಅದು ಬರುವುದೇ ಇಲ್ಲ.

‘ನಮ್ಮ ಕೈಯಲ್ಲಿದ್ದರೆ ಭದ್ರ’ ಎಂಬ ಮಾತನ್ನೂ ನೋಡಿಬಿಡೋಣ. ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ ಬಾಂಬ್ ದಾಳಿಗೆ ಚಾವಣಿ ಕುಸಿದು ಹುಲಿ ನೂರಾರು ಚೂರಾಯಿತು. ಜೋಡಿಸಿ, ಅಂಟಿಸಿ 1947ರಲ್ಲಿ ಮತ್ತೆ ನಿಲ್ಲಿಸಿದರು, ಕೆಲಸ ಮೆಚ್ಚತಕ್ಕದ್ದೇ. ತೀರಾ ನಾಜೂಕು, ಪ್ರಯಾಣ ತಾಳದು ಎಂದು ಯಾರಾದರೂ ಹೇಳಿದರೆ, 1955ರಲ್ಲಿ ಇದೇ ಹುಲಿ ನ್ಯೂಯಾರ್ಕಿಗೆ ಹೋಗಿ ಪ್ರದರ್ಶನ ಮುಗಿಸಿ ಬಂದದ್ದನ್ನು ನೆನಪಿಸಬಹುದು. ಅಟ್ಲಾಂಟಿಕ್ ದಾಟಿದೆ, ಕಾವೇರಿಗೆ ಮಾತ್ರ ಬಂದಿಲ್ಲ.

ಹಾಗಾದರೆ ತಡೆ ಎಲ್ಲಿದೆ? ಮೊದಲ ಬೀಗ ಅವರದ್ದು. ಬ್ರಿಟನ್ನಿನ 1983ರ ರಾಷ್ಟ್ರೀಯ ಪರಂಪರೆ ಕಾಯ್ದೆಯ ಪ್ರಕಾರ ಈ ಮ್ಯೂಸಿಯಮ್ಮಿನ ಧರ್ಮದರ್ಶಿಗಳು ತಮ್ಮ ಸಂಗ್ರಹದ ವಸ್ತುವನ್ನು ಮನಬಂದಂತೆ ಬಿಟ್ಟುಕೊಡುವ ಹಾಗಿಲ್ಲ. ಅದರ ಪ್ರತಿ ಇನ್ನೊಂದಿರಬೇಕು, ಇಲ್ಲವೇ ಕೆಟ್ಟು ಕೆಲಸಕ್ಕೆ ಬಾರದಂತಾಗಿರಬೇಕು, ಹೀಗೆ ಕೆಲವೇ ಕಾರಣಗಳು. ಕಾಯ್ದೆ ಬದಲಾಗಲಿ ಎಂದು ಮ್ಯೂಸಿಯಮ್ಮಿನ ನಿರ್ದೇಶಕ ಟ್ರಿಸ್ಟ್ರಮ್ ಹಂಟ್ ಅವರೇ 2022ರಲ್ಲಿ ಹೇಳಿದ್ದರು. ಬದಲಾಗದ ಕಾಯ್ದೆಯೇನಲ್ಲ ಅದು. ನಾಜಿಗಳು ಕಿತ್ತುಕೊಂಡ ಕಲಾಕೃತಿಗಳನ್ನು ಹಿಂತಿರುಗಿಸಲು 2009ರಲ್ಲಿ ಬ್ರಿಟಿಷ್ ಸಂಸತ್ತು ಪ್ರತ್ಯೇಕ ಕಾನೂನನ್ನೇ ಮಾಡಿತು. ಜರ್ಮನರು ಕದ್ದದ್ದಾದರೆ ಬಾಗಿಲು ತೆರೆಯುತ್ತದೆ.

ಎರಡನೆಯ ಬೀಗ ನಮ್ಮದು. ನಮ್ಮ 1972ರ ಪ್ರಾಚ್ಯವಸ್ತು ಕಾಯ್ದೆ ಅದಕ್ಕೂ ಹಿಂದೆ ಹೊರಹೋದ ವಸ್ತುಗಳಿಗೆ ಅನ್ವಯಿಸುವುದಿಲ್ಲ. 1970ರ ಯುನೆಸ್ಕೊ ಒಡಂಬಡಿಕೆಯೂ ಹಿಂದಿನದಕ್ಕೆ ಕೈಹಾಕುವುದಿಲ್ಲ. ಕೊಹಿನೂರ್ ಪ್ರಕರಣದಲ್ಲಂತೂ, ಅದನ್ನು ಕದ್ದೊಯ್ದದ್ದಲ್ಲ, ಬಲಾತ್ಕಾರದಿಂದ ಒಯ್ದದ್ದೂ ಅಲ್ಲ ಎಂದು 2016ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಹೇಳಿದ್ದು ಬ್ರಿಟಿಷ್ ವಕೀಲರಲ್ಲ, ನಮ್ಮ ಸಾಲಿಸಿಟರ್ ಜನರಲ್. ಮುಂದಿನ ವರ್ಷ ಅರ್ಜಿಯೇ ಮುಗಿದುಹೋಯಿತು.

ಬೀಗ ಮುರಿಯದೆ ಒಳಹೋಗುವ ದಾರಿಗಳನ್ನು ಜನ ಕಂಡುಕೊಂಡಿದ್ದಾರೆ. ಗ್ಲಾಸ್ಗೊ ನಗರದ ಮ್ಯೂಸಿಯಮ್ಮುಗಳಿಗೆ ಆ ಕಾಯ್ದೆಯ ಹಂಗಿಲ್ಲ, ಹಾಗಾಗಿ 2022ರಲ್ಲಿ ಏಳು ವಸ್ತುಗಳನ್ನು ಭಾರತಕ್ಕೆ ಮರಳಿಸಲು ಸಹಿ ಹಾಕಿದವು. ಬುದ್ಧನ ಅಸ್ಥಿಗಳ ಜೊತೆ ಸಿಕ್ಕಿದ್ದ ಪಿಪ್ರಾಹ್ವಾದ ರತ್ನಗಳು 2025ರಲ್ಲಿ ಹರಾಜಿಗೆ ಬಂದಾಗ ಕೇಂದ್ರ ಸರ್ಕಾರ ನೋಟಿಸು ಕೊಟ್ಟು ತಡೆಯಿತು, ಉದ್ಯಮ ಸಮೂಹವೊಂದು ಕೊಂಡುಕೊಂಡಿತು, ರತ್ನಗಳು ಬಂದವು. ಘಾನಾದ್ದು ಇನ್ನೂ ಹತ್ತಿರದ ಉದಾಹರಣೆ. 1874ರ ಯುದ್ಧದಲ್ಲೂ ಆಚೀಚೆಗೂ ಅಲ್ಲಿನ ಅಸಾಂಟೆ ರಾಜ್ಯದ ಅರಮನೆಯಿಂದ ಹೋದ ಚಿನ್ನದ ಒಡವೆಗಳಲ್ಲಿ 17ನ್ನು ಇದೇ ವಿಕ್ಟೋರಿಯಾ ಮ್ಯೂಸಿಯಂ, 15ನ್ನು ಬ್ರಿಟಿಷ್ ಮ್ಯೂಸಿಯಂ 2024ರಲ್ಲಿ ಅಸಾಂಟೆಯ ರಾಜಧಾನಿ ಕುಮಾಸಿಗೆ ಕಳಿಸಿದವು. ಮೂರು ವರ್ಷದ ಎರವಲು, ಬೇಕಾದರೆ ಇನ್ನೂ ಮೂರು. ಒಪ್ಪಂದ ನಡೆದದ್ದು ಘಾನಾ ಸರ್ಕಾರದ ಜೊತೆಗಲ್ಲ, ಅಸಾಂಟೆ ದೊರೆಯ ಜೊತೆ. ನಮ್ಮ ವಸ್ತು ನಮಗೇ ಸಾಲವೇ ಎಂದು ಕೇಳಿದವರೂ ಇದ್ದರು. ಆದರೂ ಒಡವೆ ಬಂತು, ಜನ ನೋಡಿದರು.

ಇತ್ತ ಟಿಪ್ಪುವಿನ ಉಳಿದ ಸಾಮಾನುಗಳು ಮಾರುಕಟ್ಟೆಯಲ್ಲಿ ಸುತ್ತುತ್ತಿವೆ. 2023ರ ಮೇ ತಿಂಗಳಲ್ಲಿ ಅವನ ಮಲಗುಕೋಣೆಯ ಕತ್ತಿ ಲಂಡನ್ನಿನಲ್ಲಿ 1 ಕೋಟಿ 40 ಲಕ್ಷ ಪೌಂಡಿಗೆ ಹರಾಜಾಯಿತು. 2021ರಲ್ಲಿ ಸಿಂಹಾಸನದ ಒಂದು ಸಣ್ಣ ಹುಲಿತಲೆ ಬ್ರಿಟನ್ ಬಿಟ್ಟು ಹೋಗುವ ಸಂದರ್ಭ ಬಂದಾಗ ಅಲ್ಲಿನ ಸರ್ಕಾರ ರಫ್ತಿಗೆ ತಾತ್ಕಾಲಿಕ ತಡೆ ಹಾಕಿತು. ಬೆಲೆ 15 ಲಕ್ಷ ಪೌಂಡ್, ಬ್ರಿಟನ್ನಿನ ಒಳಗೇ ಯಾರಾದರೂ ಕೊಳ್ಳಲಿ ಎಂಬುದು ಉದ್ದೇಶ. ಶ್ರೀರಂಗಪಟ್ಟಣದಲ್ಲಿ ಸುತ್ತಿಗೆಯಿಂದ ಕಿತ್ತ ತುಂಡು ಎರಡು ಶತಮಾನ ಕಳೆದ ಮೇಲೆ ಬ್ರಿಟನ್ ಕಳೆದುಕೊಳ್ಳಬಾರದ ಪರಂಪರೆಯಾಗಿತ್ತು.

ಅವರ ಕತೆ ಹಾಗಿರಲಿ, ಹುಲಿ ನಾಳೆ ಬರುತ್ತದೆ ಎಂದರೆ ನಾವು ಅದನ್ನು ಎಲ್ಲಿಡುತ್ತೇವೆ? ಅದು ಇದ್ದ ಜಾಗವನ್ನು ಹುಡುಕಿಕೊಂಡು ಹೋದರೆ ರಂಗನಾಥಸ್ವಾಮಿ ಗುಡಿಯ ಸಮೀಪ ಲಾಲ್ ಮಹಲಿನ ಬುನಾದಿ ಸಿಗುತ್ತದೆ, ಅರಮನೆ ಸಿಗುವುದಿಲ್ಲ. ಟಿಪ್ಪುವಿನ ಶ್ರೀರಂಗಪಟ್ಟಣದ ಅರಮನೆಯ ತೊಲೆಗಳನ್ನು ಬಿಚ್ಚಿ ಊಟಿಗೆ ಸಾಗಿಸಿ ಸೇಂಟ್ ಸ್ಟೀಫನ್ಸ್ ಚರ್ಚಿನ ಚಾವಣಿಗೆ ಹಾಕಿದರು. ಈಗಲೂ ಅಲ್ಲಿ ತಲೆಯೆತ್ತಿ ನೋಡಬಹುದು. ದರಿಯಾ ದೌಲತ್ ಇದೆ, 1784ರದ್ದು, ಗೋಡೆಯ ತುಂಬ ಪೊಳ್ಳಿಲೂರು ಕಾಳಗದ ಚಿತ್ರ. ಹುಲಿಗೆ ಅದಕ್ಕಿಂತ ಒಪ್ಪುವ ನೆರೆ ಇನ್ನೊಂದಿಲ್ಲ. ಆದರೆ ಮರಕ್ಕೂ ತಿದಿಗೂ ಬೇಕಾದ ಹದವಾದ ಗಾಳಿ, ತೇವದ ಹತೋಟಿ ಅಂಥ ತೆರೆದ ಮೊಗಸಾಲೆಗಳ ಕಟ್ಟಡದಲ್ಲಿ ಸುಲಭವಲ್ಲ. ಮೈಸೂರು, ಬೆಂಗಳೂರು ಎಂದರೆ ಮತ್ತೆ ಮಂಡ್ಯದವರ ಜೊತೆ ಜಗಳ.

ಅದಕ್ಕೂ ಮುಂಚಿನ ಜಗಳ ಬೇರೆಯೇ ಇದೆ. 2015ರಲ್ಲಿ ರಾಜ್ಯ ಸರ್ಕಾರ ಟಿಪ್ಪು ಜಯಂತಿ ಶುರುಮಾಡಿತು, 2019ರಲ್ಲಿ ಇನ್ನೊಂದು ಸರ್ಕಾರ ನಿಲ್ಲಿಸಿತು. ಕೊಡಗಿನವರ, ಮಂಗಳೂರಿನ ಕ್ರೈಸ್ತರ ನೆನಪಿನಲ್ಲಿರುವ ಟಿಪ್ಪು ಬೇರೆ. ಮರಾಠರ ದಾಳಿಯಲ್ಲಿ ಸೂರೆಹೋದ ಶೃಂಗೇರಿ ಮಠಕ್ಕೆ ಕಾಗದ ಬರೆದು ನೆರವು ಕಳಿಸಿದ ಟಿಪ್ಪು ಬೇರೆ. ಇಬ್ಬರೂ ಒಬ್ಬನೇ ಎಂಬುದನ್ನು ಒಪ್ಪಿಕೊಳ್ಳುವ ತಾಳ್ಮೆ ಸದ್ಯಕ್ಕೆ ಯಾರಿಗೂ ಇಲ್ಲ. ಹಾಗಾಗಿ ಒಬ್ಬ ಮಂತ್ರಿ ಹುಲಿಯನ್ನು ಕೇಳಿದರೆ ಓಲೈಕೆ ಎನ್ನುತ್ತಾರೆ, ಇನ್ನೊಬ್ಬ ಕೇಳದಿದ್ದರೆ ದ್ವೇಷ ಎನ್ನುತ್ತಾರೆ. 1800ರ ಟಿಪ್ಪಣಿಯಲ್ಲಿ ಕಂಪನಿ ಬರೆದ ‘ಬರ್ಬರ ಕ್ರೌರ್ಯದ ಸ್ಮಾರಕ’ ಎಂಬ ಸಾಲನ್ನು ಇವತ್ತು ನಮ್ಮ ಊರಿನಲ್ಲೇ ಕೆಲವರು ಕನ್ನಡದಲ್ಲಿ ಹೇಳುವುದನ್ನು ಕೇಳಿದ್ದೇನೆ, ಅದರ ಮೂಲ ಎಲ್ಲಿಯದೆಂದು ಅವರಿಗೆ ಗೊತ್ತಿದ್ದಂತಿರಲಿಲ್ಲ. ಇತ್ತ ಭಕ್ತರು ಹುಲಿಯಲ್ಲಿ ಸ್ವಾತಂತ್ರ್ಯ ಹೋರಾಟವನ್ನು ಮಾತ್ರ ಕಾಣುತ್ತಾರೆ. ಮರ ಕೆತ್ತಿದ ಬಡಗಿ, ಹಿತ್ತಾಳೆ ಕೊಳವೆ ಹೊಯ್ದ ಕಂಚುಗಾರ, ಮನುಷ್ಯನ ಕೈಗೂ ಗಂಟಲಿಗೂ ಕೊಂಡಿ ಹಾಕಿ ನರಳಾಟಕ್ಕೆ ಶ್ರುತಿ ಕೂಡಿಸಿದ ಆ ಹೆಸರಿಲ್ಲದ ಮಿಸ್ತ್ರಿ ಇವರು ಯಾರ ಪಕ್ಷಕ್ಕೂ ಬೇಡ. ಹುಲಿ ಬರಬೇಕೆಂದು ನಾನು ಬಯಸುವುದು ಇವರ ಸಲುವಾಗಿ. ಚನ್ನಪಟ್ಟಣದಲ್ಲಿ ಇಂದೂ ಮರ ಕಡೆಯುವ ಒಬ್ಬ ಹುಡುಗ ಆ ಹೊಟ್ಟೆಯ ಮುಚ್ಚಳ ತೆಗೆದು ಒಳಗೆ ಇಣುಕಬೇಕು.

ಎರವಲು ಕೇಳುವುದು ಇಂದು ಕಾನೂನಿನ ಮಟ್ಟಿಗೆ ಅಸಾಧ್ಯವಲ್ಲ, ಸಾತಾರದ ಉಗುರೇ ಸಾಕ್ಷಿ. ಹಾಗೆ ನೋಡಿದರೆ ಆ ಉಗುರಿಗಿಂತ ನಮ್ಮ ಕತೆ ಗಟ್ಟಿ. ಅದು ಸಾತಾರದಲ್ಲಿ ರೆಸಿಡೆಂಟನಾಗಿದ್ದ, ಅಂದರೆ ಕಂಪನಿಯ ಪ್ರತಿನಿಧಿಯಾಗಿದ್ದ ಗ್ರಾಂಟ್ ಡಫ್‌ಗೆ ಉಡುಗೊರೆಯಾಗಿ ಬಂದದ್ದು ಎನ್ನುತ್ತದೆ ಅದರ ಪೆಟ್ಟಿಗೆಯ ಬರಹ. ಹುಲಿ ಎಲ್ಲಿಂದ, ಯಾವಾಗ, ಹೇಗೆ ಹೋಯಿತು ಎಂಬುದಕ್ಕೆ ಒಯ್ದವರದ್ದೇ ಲಿಖಿತವಿದೆ. ಮೈಸೂರಿನಲ್ಲಿ ಕೂತ ರಾಜ್ಯ ಪುರಾತತ್ವ ಇಲಾಖೆ ಒಂದು ಕಾಗದ ಬರೆಯಬೇಕು, ದೆಹಲಿಯ ಸಂಸ್ಕೃತಿ ಸಚಿವಾಲಯದ ಮೂಲಕ ಅದು ಲಂಡನ್ನಿಗೆ ಹೋಗಬೇಕು. ತೊಡಕು ಬರುವುದು ಆ ಕಾಗದದ ಮೊದಲ ಸಾಲಿನಲ್ಲೇ. ‘ನಿಮ್ಮ ಹುಲಿಯನ್ನು ಮೂರು ವರ್ಷ ಎರವಲು ಕೊಡಿ’ ಎಂದರೆ 1799ರ ಮೇ 4ನ್ನು ಒಪ್ಪಿಕೊಂಡಂತೆ. ‘ನಮ್ಮ ಹುಲಿಯನ್ನು’ ಎಂದು ಬರೆದರೆ, ‘ನಮ್ಮ’ ಎನ್ನುವ ಆ ಪದಕ್ಕೆ ವಿಧಾನಸೌಧದಲ್ಲಿ ಎಲ್ಲರ ಸಹಿ ಸಿಗಬೇಕು.